ಫೋರ್ಕ್ ಕವರ್ ಹಾಕಿದ ಮೇಲೆ ಬೈಕಿನ ಮುಂಭಾಗ ತಕರಾರು ಮಾಡಿದರೆ

ಕಾರವಾರದ ಉಪ್ಪು ಗಾಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಇದು ಗೊತ್ತು. ಹೊಸ ಬೈಕಿನ ಹೊಳೆಯುವ ಮುಂದಿನ ಶಾಕ್ ಮೇಲೆ, ಅಂದರೆ ಚಕ್ರ ಹಿಡಿದಿರುವ ಫೋರ್ಕಿನ ಎರಡು ನಳಿಗೆ ಮೇಲೆ, ಒಂದೆರಡು ಮಳೆಗಾಲದಲ್ಲೇ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ ಏಳುತ್ತವೆ. ಅದು ಕಾಣದಿರಲಿ, ಗಾಡಿಗೆ ಹಳೇ ಕಾಲದ ಕಳೆಯೂ ಬರಲಿ ಅಂತ ಗೇಟರ್ ತರಿಸುತ್ತೇವೆ. ಗೇಟರ್ ಅಂದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ ಇರುವ ರಬ್ಬರ್ ತೋಳು. ಕೆಲವರಿಗೆ ಗೇಟರ್ ಬೇಡ, ತಗಡಿನ ಫೋರ್ಕ್ ಕವರೇ ಬೇಕು. ಯಾವುದಾದರೂ ಸರಿ, ಅದನ್ನು ಫೋರ್ಕ್ ನಳಿಗೆಗೆ ಏರಿಸಬೇಕಾದರೆ ಚಕ್ರ, ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ), ಮಡ್‌ಗಾರ್ಡ್ ಎಲ್ಲ ಬಿಚ್ಚಬೇಕು. ಆಮೇಲೆ ನಳಿಗೆಯನ್ನೂ ಹೊರಗೆ ಎಳೆಯಬೇಕು.

ಅಂದ ಹೆಚ್ಚಿಸುವ ಆ ತುಂಡಿನಿಂದ ತೊಂದರೆ ಬರೋದು ಕಮ್ಮಿ. ತೊಂದರೆ ಬರೋದು ಅದನ್ನು ಹಾಕಲಿಕ್ಕೆ ಬಿಚ್ಚಿದ ಹತ್ತು ಹನ್ನೆರಡು ಬೋಲ್ಟ್‌ಗಳಿಂದ. ಹಾಗಾಗಿ ಕವರ್ ಹಾಕಿದ ಮೇಲೆ ಏನಾದರೂ ಸದ್ದು, ಎಳೆತ, ಅಲುಗಾಟ ಕಂಡರೆ ಕವರ್ ಕಂಪನಿಗೆ ಬೈಯುವ ಮೊದಲು ನಿಮ್ಮ ಕೈ ಎಲ್ಲೆಲ್ಲಿ ಹೋಗಿತ್ತು ಅಂತ ನೆನಪು ಮಾಡಿಕೊಳ್ಳಿ. ಇಲ್ಲಿ ಬರೆದಿರೋದು ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್, ಮುಂದೆ ಡಿಸ್ಕ್ ಬ್ರೇಕ್ ಇರುವ ಬೈಕ್‌ಗಳಿಗೆ. ದಪ್ಪ ನಳಿಗೆ ಮೇಲೆ, ಸಣ್ಣದು ಕೆಳಗೆ ಇರುವ ತಲೆಕೆಳಗು ಫೋರ್ಕ್‌ನ ಲೆಕ್ಕ ಬೇರೆ.

ಸ್ಪ್ಯಾನರ್ ಹಿಡಿಯುವ ಮೊದಲು

ಏನೂ ಬಿಚ್ಚದೆ ಹಾಕುವ ಕವರ್ ಕೂಡ ಸಿಗುತ್ತದೆ. ಸಮುದ್ರಕ್ಕೆ ಮುಳುಗುವವರ ಉಡುಪಿನ ಬಟ್ಟೆಯಂಥ ನಿಯೋಪ್ರೀನ್ ಪಟ್ಟಿಯನ್ನು ನಳಿಗೆಗೆ ಸುತ್ತಿ ವೆಲ್ಕ್ರೋ ಅಂಟಿಸಿದರೆ ಆಯ್ತು. ಗೇಟರ್‌ನಷ್ಟು ಚಂದ ಕಾಣೋದಿಲ್ಲ, ನಿಜ. ಆದರೆ ಮಣ್ಣು ತಡೆಯುತ್ತದೆ, ಒಂದು ಬೋಲ್ಟನ್ನೂ ಮುಟ್ಟಬೇಕಿಲ್ಲ. ಮೊದಲ ಸಲ ಕೈ ಹಾಕುವವರಿಗೆ ನಾನು ಇದನ್ನೇ ಹೇಳುತ್ತೇನೆ. ಯಾರೂ ಕೇಳೋದಿಲ್ಲ, ಅದು ಬೇರೆ ಮಾತು.

ಬಿಚ್ಚಲೇಬೇಕು ಅಂದರೆ ಡಬಲ್ ಸ್ಟ್ಯಾಂಡ್ ಇರಲೇಬೇಕು. ಸೈಡ್ ಸ್ಟ್ಯಾಂಡ್ ಮೇಲೆ ಈ ಕೆಲಸ ಆಗೋದಿಲ್ಲ. ಎಂಜಿನ್ ಅಡಿ ಜಾಕ್ ಕೊಡುವಾಗ ನಡುವೆ ಮರದ ಹಲಗೆ ಇಡಿ. ಸೈಲೆನ್ಸರ್ ಪೈಪ್ ಮೇಲೆ ಭಾರ ಬೀಳಬಾರದು. ಕರಾವಳಿ ಮನೆಗಳ ಅಂಗಳದಲ್ಲಿ ಮರಳು ಜಾಸ್ತಿ, ಜಾಕ್ ಗೊತ್ತಾಗದ ಹಾಗೆ ಇಳಿಯುತ್ತದೆ. ಅದಕ್ಕೆ ಜಾಕ್ ಕೆಳಗೂ ಒಂದು ಅಗಲ ಹಲಗೆ ಬೇಕು. ಹ್ಯಾಂಡಲ್‌ಗೆ ಹಗ್ಗ ಕಟ್ಟಿ ಮಾಡಿನ ತೊಲೆಗೆ ಬಿಗಿಯುವುದು ಒಳ್ಳೆಯದೇ, ಆದರೆ ಅದು ಬೈಕ್ ಬೀಳದಿರಲಿ ಅಂತ ಮಾತ್ರ. ಪೂರ್ತಿ ಭಾರ ಹಗ್ಗಕ್ಕೆ ಬಿಡಬೇಡಿ.

ಎರಡೂ ನಳಿಗೆ ಒಟ್ಟಿಗೆ ತೆಗೆಯಬೇಡಿ. ಒಂದು ಹೊರಗೆ, ಒಂದು ಒಳಗೆ. ಆಗ ಹೇಗಿತ್ತು ಅಂತ ನೋಡಿ ಜೋಡಿಸಲಿಕ್ಕೆ ಇನ್ನೊಂದು ಕಾಲು ಕಣ್ಣೆದುರೇ ಇರುತ್ತದೆ. ಮುಂಭಾಗ ಎತ್ತದೆ ಫೋರ್ಕ್ ಹಿಡಿದಿರುವ ಬೋಲ್ಟ್ ಸಡಿಲ ಮಾಡಿದರೆ ಬೈಕ್ ದೊಪ್ಪಂತ ಕೆಳಗೆ ಕೂರುತ್ತದೆ. ಆಗ ನಿಮ್ಮ ಬೆರಳು ನಡುವೆ ಇರಬಾರದು.

ಎರಡು ಜಾಗ ಮುಟ್ಟಲೇಬೇಡಿ. ಒಂದು, ಫೋರ್ಕ್ ತಲೆಯ ಮುಚ್ಚಳ. ಒಳಗೆ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ, ಕೊನೆಯ ಸುತ್ತಿಗೆ ಹಾರಿ ಮುಖಕ್ಕೆ ಬರಬಹುದು. ಇನ್ನೊಂದು, ಫೋರ್ಕ್ ಕಾಲಿನ ತೀರ ಅಡಿಯಲ್ಲಿರುವ ಬೋಲ್ಟ್. ಅದನ್ನು ಬಿಚ್ಚಿದರೆ ಒಳಗಿನ ಆಯಿಲ್ ಅಂಗಳಕ್ಕೆ ಹರಿಯುತ್ತದೆ. ಕೆಲವು ಹಳೇ ಮಾದರಿಗಳಲ್ಲಿ ಮೇಲಿನ ಮುಚ್ಚಳವೇ ನಳಿಗೆಯನ್ನು ಹಿಡಿದಿರುತ್ತದೆ, ಪಕ್ಕದಲ್ಲಿ ಬಿಗಿಯುವ ಬೋಲ್ಟ್ ಇರೋದೇ ಇಲ್ಲ. ನಿಮ್ಮದು ಅಂಥದ್ದಾದರೆ ಗ್ಯಾರೇಜಿಗೆ ಕೊಡಿ.

ಬೋಲ್ಟ್ ಅಲ್ಲಾಡುತ್ತಲೇ ಇಲ್ಲ

ನಮ್ಮ ಕಡೆ ಮೊದಲ ಜಗಳವೇ ಇದು. ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕೂತಿದೆ, ಮೇಲೆ ಉಪ್ಪು ನೀರಿನ ತೇವ. ಎರಡು ಬೇರೆ ಲೋಹದ ನಡುವೆ ಉಪ್ಪು ನೀರು ಬಂದರೆ ತುಕ್ಕು ಬೇಗ ಹಿಡಿಯುತ್ತದೆ, ಬಿಳಿ ಪುಡಿ ಕಟ್ಟಿ ಬೋಲ್ಟಿನ ಮರೆ (ಸುತ್ತುಗೆರೆ) ಕಚ್ಚಿಕೊಳ್ಳುತ್ತದೆ. ಸಿರಸಿಯ ನೆಂಟರ ಬೈಕ್ ಬಿಚ್ಚಿದಾಗ ಕೆಂಪು ಮಣ್ಣು ಕಿತ್ತರೆ ಸಾಕಾಗಿತ್ತು, ಬೋಲ್ಟ್ ಸಲೀಸಾಗಿ ಬಂತು. ಅದೇ ವಯಸ್ಸಿನ ನನ್ನ ಗಾಡಿ ಮಾತ್ರ ಬಿಡಲಿಲ್ಲ.

ಮೊದಲು ಬೋಲ್ಟ್ ತಲೆಯ ಗುಳಿಯಲ್ಲಿರುವ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಿರಿ. ಆಲನ್ ಕೀ ತಳದವರೆಗೆ ಕೂರಬೇಕು. ಅರ್ಧ ಕೂತ ಕೀ ತಿರುಗಿಸಿದರೆ ಗುಳಿ ದುಂಡಗಾಗಿ ಕೆಲಸ ಮುಗಿದೇ ಹೋಯಿತು. ಆಮೇಲೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿ ಹಾಗೇ ಇಡಿ. ಕ್ಯಾಲಿಪರ್ ಹತ್ತಿರ ಸ್ಪ್ರೇ ಮಾಡಬೇಡಿ, ಡಿಸ್ಕ್‌ಗೆ ಪ್ಲಾಸ್ಟಿಕ್ ಸುತ್ತಿಡಿ. ಬೆಳಿಗ್ಗೆ ಮೊದಲು ಬಿಗಿಯುವ ದಿಕ್ಕಿಗೆ ಒಂದು ಕೂದಲಿನಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ದಿಕ್ಕಿಗೆ. 'ಟಿಕ್' ಅಂದು ಬಿಟ್ಟರೆ ಸರಿ. ಸ್ಪ್ಯಾನರ್ ಸ್ಪ್ರಿಂಗ್ ಥರ ಮಣಿಯುತ್ತಾ ಇದ್ದರೆ, ಬೋಲ್ಟ್ ತಿರುಗುತ್ತಿಲ್ಲ, ತಿರುಚುತ್ತಿದೆ. ಅಲ್ಲಿಗೆ ನಿಲ್ಲಿಸಿ. ಪೈಪ್ ಸಿಕ್ಕಿಸಿ ಜೋರು ಮಾಡಿದರೆ ತಲೆ ಮುರಿದು ಮಿಕ್ಕ ತುಂಡು ಒಳಗೇ ಉಳಿಯುತ್ತದೆ. ಬೆಂಕಿ ಕೊಡುವ ಸಲಹೆಯನ್ನಂತೂ ಕೇಳಲೇಬೇಡಿ. ಪಕ್ಕದಲ್ಲಿ ಫೋರ್ಕ್ ಎಣ್ಣೆ ತಡೆಯುವ ರಬ್ಬರ್ ಆಯಿಲ್ ಸೀಲ್ ಇದೆ, ಬ್ರೇಕ್ ಹೋಸ್ ಇದೆ, ಮೇಲೆ ಪೆಟ್ರೋಲ್ ಟ್ಯಾಂಕ್ ಇದೆ.

ಜೋಡಿಸಿದ ಮೇಲೆ ಬ್ರೇಕ್ ಲಿವರ್ ಹ್ಯಾಂಡಲ್‌ಗೇ ತಾಗುತ್ತಿದೆ

ಹೆದರಬೇಡಿ, ಆದರೆ ಗಾಡಿ ಒಂದು ಅಡಿಯೂ ಓಡಿಸಬೇಡಿ. ಕ್ಯಾಲಿಪರ್ ಕೂರಿಸುವಾಗ ಅದರೊಳಗೆ ಡಿಸ್ಕನ್ನು ಒತ್ತುವ ಪ್ಯಾಡ್‌ಗಳು ಹಿಂದಕ್ಕೆ ಸರಿದಿರುತ್ತವೆ. ನಿಂತಲ್ಲೇ ಲಿವರ್ ನಿಧಾನವಾಗಿ ಹತ್ತಿಪ್ಪತ್ತು ಸಲ ಒತ್ತಿ. ಗಟ್ಟಿಯಾಗುತ್ತಾ ಬಂದು ಅಲ್ಲೇ ನಿಂತರೆ ಸಮಸ್ಯೆ ಮುಗಿಯಿತು. ಎಷ್ಟು ಒತ್ತಿದರೂ ಸ್ಪಂಜಿನ ಹಾಗೆ ಮೆತ್ತಗೇ ಇದ್ದರೆ ಲೈನಿಗೆ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಲಿವರ್ ಮೆಲ್ಲಗೆ ಜಾರುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಎರಡಕ್ಕೂ ಮೆಕ್ಯಾನಿಕ್ ಬೇಕು, ಅವನೇ ನಿಮ್ಮ ಮನೆಗೆ ಬರಬೇಕು.

ಕ್ಯಾಲಿಪರ್ ಹೊರಗಿದ್ದಾಗ ಮನೆಯ ಮಕ್ಕಳು ಸುಮ್ನೆ ಲಿವರ್ ಒತ್ತಿ ನೋಡುತ್ತಾರೆ. ಆಗ ಪಿಸ್ಟನ್ ಹೊರಬಂದು ಪ್ಯಾಡ್‌ಗಳು ಕೂಡಿಕೊಳ್ಳುತ್ತವೆ, ಡಿಸ್ಕ್ ನಡುವೆ ಹೋಗೋದೇ ಇಲ್ಲ. ಕ್ಯಾಲಿಪರ್ ತೆಗೆದ ಕೂಡಲೇ ಪ್ಯಾಡ್ ನಡುವೆ ಡಿಸ್ಕ್‌ನಷ್ಟೇ ದಪ್ಪದ ಮರದ ಚೂರು ಸಿಕ್ಕಿಸಿಬಿಡಿ. ಕ್ಯಾಲಿಪರನ್ನು ಹೋಸ್ ಮೇಲೆ ಜೋತು ಬಿಡಬೇಡಿ, ಫ್ರೇಮ್‌ಗೆ ದಾರದಿಂದ ಕಟ್ಟಿ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ. ಹೋದ ವರ್ಷ ಒಡೆದ ಬ್ರೇಕ್ ಆಯಿಲ್ ಡಬ್ಬಿ ಕಪಾಟಿನಲ್ಲಿದೆ ಅಂತ ಅದನ್ನು ಬಳಸಬೇಡಿ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಜುಲೈ ಗಾಳಿ ಹೇಗಿರುತ್ತದೆ ಗೊತ್ತಲ್ಲ.

ಚಕ್ರ ತಿರುಗುವಾಗ ಸರ್ ಸರ್ ಅನ್ನುತ್ತದೆ

ಮುಂಭಾಗ ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿ. ಪ್ಯಾಡ್ ಹಗುರವಾಗಿ ತಾಗುವ ಸಣ್ಣ ಸದ್ದು ಸಹಜ. ಎರಡು ಮೂರು ಸುತ್ತು ತಾನಾಗಿ ತಿರುಗಿ ನಿಂತರೆ ತಲೆಬಿಸಿ ಬೇಡ. ಒಂದೇ ಸುತ್ತಿಗೆ ನಿಂತರೆ ಅಥವಾ ಲೋಹಕ್ಕೆ ಲೋಹ ಉಜ್ಜಿದ ಸದ್ದು ಬಂದರೆ ಹುಡುಕಬೇಕು. ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಗೇಟರ್ ಬಿಗಿಯುವ ಕ್ಲಿಪ್‌ನ ಬಾಲ ಡಿಸ್ಕ್ ಕಡೆ ಚಾಚಿದೆಯಾ? ಮಡ್‌ಗಾರ್ಡ್ ಒಂದು ಕಡೆ ವಾಲಿ ಟೈರ್ ಮುಟ್ಟುತ್ತಿದೆಯಾ? ಎರಡೂ ಸರಿ ಇದ್ದರೆ ಆಕ್ಸಲ್ ಬುಷ್ ನೋಡಿ, ಅಂದರೆ ಚಕ್ರದ ಎರಡೂ ಬದಿ ಅಚ್ಚಿನ ಮೇಲೆ ಕೂರುವ ಲೋಹದ ಉಂಗುರ.

ಈ ಬುಷ್ ವಿಷಯದಲ್ಲಿ ನಾನೇ ಮೋಸ ಹೋದವನು. ಎಡಗಡೆಯದ್ದನ್ನು ಒಂದು ಕರಟದಲ್ಲಿ, ಬಲಗಡೆಯದ್ದನ್ನು ಇನ್ನೊಂದು ಕರಟದಲ್ಲಿ ಹಾಕಿ ಜಗುಲಿ ಮೇಲೆ ಇಟ್ಟಿದ್ದೆ. ಚಹಾ ಕುಡಿದು ಬರುವಷ್ಟರಲ್ಲಿ ಬೆಕ್ಕು ಎರಡನ್ನೂ ಉರುಳಿಸಿತ್ತು. ನೋಡಲಿಕ್ಕೆ ಎರಡೂ ಒಂದೇ, ಇರಲಿ ಬಿಡು ಅಂತ ಹಾಕಿದೆ. ಕೋಡಿಬಾಗದಿಂದ ಪೇಟೆಗೆ ಹೋಗಿ ಬರುವಷ್ಟರಲ್ಲಿ ಡಿಸ್ಕ್ ಮೇಲೆ ನೀರು ಚಿಮುಕಿಸಿದರೆ ಕಾದ ಕಾವಲಿ ಹಾಗೆ ಚುಂಯ್ ಅಂತಿತ್ತು. ಬಿಚ್ಚಿ ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ನಿಲ್ಲಿಸಿ ಕಣ್ಣು ನೆಲಕ್ಕೆ ತಂದು ನೋಡಿದೆ. ಒಂದು ಇನ್ನೊಂದಕ್ಕಿಂತ ಉಗುರಿನ ದಪ್ಪದಷ್ಟು ಉದ್ದ. ಅಷ್ಟು ಸಾಕು, ಚಕ್ರ ಬದಿಗೆ ಸರಿದು ಡಿಸ್ಕ್ ಕ್ಯಾಲಿಪರ್ ನಡುವಿಂದ ಜರುಗುತ್ತದೆ.

ಈಗ ಒಂದೊಂದು ತುಂಡು ತೆಗೆಯುವ ಮೊದಲೂ ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತೇನೆ. ಬುಷ್ ಮೇಲೆ ಮಾರ್ಕರ್‌ನಿಂದ 'ಎ', 'ಬ' ಬರೆಯುತ್ತೇನೆ. ಕರಟ ಬಿಟ್ಟು ಮುಚ್ಚಳ ಇರುವ ಡಬ್ಬಿ ಇಟ್ಟುಕೊಂಡಿದ್ದೇನೆ. ಡಿಸ್ಕ್ ಬಿಸಿಯಾಗಿದೆಯಾ ಅಂತ ಬೆರಳಿಟ್ಟು ನೋಡುವ ಚಪಲ ಬೇಡ, ನೀರಿನ ಹನಿ ಸಾಕು.

ಬ್ರೇಕ್ ಹಿಡಿದಾಗ ಮುಂದೆ 'ಟಕ್'

ಇಲ್ಲಿ ನಿಧಾನ ಮಾಡಿ. ಒಂದೇ ಸದ್ದಿಗೆ ಐದು ಕಾರಣ ಇರಬಹುದು, ಅದರಲ್ಲಿ ಎರಡು ಪ್ರಾಣಕ್ಕೆ ಬರುವಂಥವು.

ಮೊದಲು ತಗಡಿನ ಕವರನ್ನೇ ಅನುಮಾನಿಸಿ. ಅಂಗೈಯಿಂದ ಕವರ್ ಬಿಗಿಯಾಗಿ ಹಿಡಿದು, ಇನ್ನೊಬ್ಬರಿಗೆ ಹ್ಯಾಂಡಲ್ ಒತ್ತಿ ಶಾಕ್ ಆಡಿಸಲು ಹೇಳಿ. ಸದ್ದು ನಿಂತಿತಾ? ಕವರ್ ಮೇಲೆ ಕೆಳಗೆ ಬರಬೇಕಾದ ರಬ್ಬರ್ ಉಂಗುರ ಹಾಕಲು ಮರೆತಿದ್ದೀರಿ, ಅಷ್ಟೇ.

ನಿಲ್ಲಲಿಲ್ಲ ಅಂದರೆ ಬೈಕನ್ನು ನೆಲಕ್ಕೆ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತೂಗಿ. ಇನ್ನೊಬ್ಬರು ಬೆರಳನ್ನು ಕ್ಯಾಲಿಪರ್ ಮತ್ತು ಅದರ ಬ್ರ್ಯಾಕೆಟ್ ಸೇರುವ ಜಾಗದಲ್ಲಿ ಇಡಲಿ. ಆಮೇಲೆ ಫೋರ್ಕ್ ಹಿಡಿದಿರುವ ಕೆಳಗಿನ 'ಟಿ' ಮತ್ತು ಫ್ರೇಮ್ ಸೇರುವಲ್ಲಿ. ಕಿವಿಗಿಂತ ಬೆರಳಿಗೆ ಬೇಗ ಗೊತ್ತಾಗುತ್ತದೆ. ಕ್ಯಾಲಿಪರ್ ಹತ್ತಿರ ಬಡಿತ ಸಿಕ್ಕರೆ ಅದರ ಬೋಲ್ಟ್ ಸಡಿಲ ಇದೆ. ಬಿಗಿಯಾಗಿದ್ದೂ ಸಣ್ಣಗೆ ಟಿಕ್ ಅಂದರೆ ಪ್ಯಾಡ್ ಜಾಗದಲ್ಲಿ ಆಡುತ್ತಿರಬಹುದು, ಅದು ಸ್ವಲ್ಪ ಮಟ್ಟಿಗೆ ಮಾಮೂಲಿ.

ಬಡಿತ 'ಟಿ' ಹತ್ತಿರ ಸಿಕ್ಕರೆ ಮುಂಭಾಗ ಮತ್ತೆ ಎತ್ತಿ. ಎದುರಿಗೆ ಕೂತು ಫೋರ್ಕಿನ ಎರಡೂ ಕಾಲುಗಳ ತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಆಚೆ ದೂಡಿ. ಕೂದಲಿನಷ್ಟು ಆಟ ಸಿಕ್ಕರೂ ಸಾಕು. ನಳಿಗೆ ಹಿಡಿದ ಬೋಲ್ಟ್ ಸಡಿಲ ಇರಬಹುದು, ಅಥವಾ ನಮ್ಮ ಮೆಕ್ಯಾನಿಕ್‌ಗಳು 'ಕೋನ್ ಸೆಟ್' ಅನ್ನುವ ಹ್ಯಾಂಡಲ್ ಬೇರಿಂಗ್ ಸಡಿಲ ಆಗಿರಬಹುದು. ಬೋಲ್ಟನ್ನು ಕಂಪನಿ ಕೈಪಿಡಿಯ ಅಳತೆಗೆ, ಎಷ್ಟು ಬಿಗಿ ಅಂತ ತೋರಿಸುವ ಟಾರ್ಕ್ ಸ್ಪ್ಯಾನರ್‌ನಿಂದ ನೀವೇ ಬಿಗಿಯಬಹುದು. ಅಂದಾಜಿನ ಮೇಲೆ ಜಾಸ್ತಿ ಬಿಗಿದರೆ ಅಲ್ಯೂಮಿನಿಯಂ 'ಟಿ' ಬಿರುಕು ಬಿಡುತ್ತದೆ. ನಳಿಗೆ ಕೂರುವ ಜಾಗಕ್ಕೆ ಎಣ್ಣೆ, ಗ್ರೀಸ್ ತಾಗಿಸಬೇಡಿ, ಅಲ್ಲಿ ಹಿಡಿತ ಬೇಕು. ಗ್ರೀಸ್ ಬೇಕಾದದ್ದು ಆಕ್ಸಲ್‌ಗೆ, ಅದೂ ತೆಳ್ಳಗೆ.

ಬೋಲ್ಟ್ ಎಲ್ಲ ಸರಿ ಇದ್ದು ಆಟ ಹಾಗೇ ಇದ್ದರೆ ಗಾಡಿ ನಿಲ್ಲಿಸಿ. ಈ ಸ್ಥಿತಿಯಲ್ಲಿ ದೇವಿಮನೆ ಘಟ್ಟ ಇಳಿಯುವುದನ್ನು ಯೋಚಿಸಲೂ ಬೇಡಿ. ಅಲ್ಲಿ ಪ್ರತಿ ತಿರುವಿಗೂ ಮುಂದಿನ ಬ್ರೇಕ್, ಪ್ರತಿ ಬ್ರೇಕಿಗೂ ಬೈಕಿನ ಭಾರವೆಲ್ಲ ಈ ಬೇರಿಂಗ್ ಮೇಲೆ.

ಹ್ಯಾಂಡಲ್ ಬಿಗಿ, ಅಥವಾ ಸೊಟ್ಟ

ನಿಧಾನ ಹೋಗುವಾಗ ಕುಡಿದವರ ಹಾಗೆ ಆ ಕಡೆ ಈ ಕಡೆ ತೂಗಿದರೆ ಕೋನ್ ಸೆಟ್ ಅತಿ ಬಿಗಿ ಆಗಿದೆ. ಕೆಲವು ತಗಡಿನ ಕವರ್‌ಗೆ ಮೇಲಿನ 'ಟಿ' ಕೂಡ ತೆಗೆಯಬೇಕಾಗುತ್ತದೆ, ಆಗ ಕೆಳಗಿನ ಹೊಂದಾಣಿಕೆ ನಟ್ಟು ತಿರುಗಿರುತ್ತದೆ. ಮುಂಭಾಗ ಎತ್ತಿ ಹ್ಯಾಂಡಲ್ ನೇರ ಇಟ್ಟು ಒಂದು ಬೆರಳಿನಿಂದ ಮೆಲ್ಲಗೆ ತಳ್ಳಿ. ತನ್ನ ಭಾರಕ್ಕೆ ತಾನೇ ಬದಿಗೆ ಬೀಳಬೇಕು. ಬೀಳದಿದ್ದರೆ ಕೇಬಲ್ ಅಡ್ಡ ಇದೆಯಾ ನೋಡಿ, ಇಲ್ಲದಿದ್ದರೆ ನಟ್ಟು ಸಡಿಲಿಸಬೇಕು. ನಡುವಿನಲ್ಲಿ ಗುಳಿಗೆ ಬಿದ್ದ ಹಾಗೆ ಕಚ್ಚಿ ನಿಂತರೆ ಬೇರಿಂಗ್ ಬಟ್ಟಲೇ ಸವೆದಿದೆ. ಅದು ನಿಮ್ಮ ಕೆಲಸದಿಂದ ಆದದ್ದಲ್ಲ, ಮೊದಲೇ ಇತ್ತು. ಸೆಟ್ ಬದಲಿಸಬೇಕು.

ನೇರ ರಸ್ತೆಯಲ್ಲಿ ಹೋಗುವಾಗ ಹ್ಯಾಂಡಲ್ ಒಂದು ಕಡೆ ವಾಲಿ ಕಂಡರೆ ಫೋರ್ಕ್ ತಿರುಚಿಕೊಂಡಿದೆ. ಆಕ್ಸಲ್‌ನ ಕೊನೆಯ ಬೋಲ್ಟನ್ನು ಅವಸರದಲ್ಲಿ ಬಿಗಿದರೆ ಹೀಗಾಗುತ್ತದೆ. ಎರಡು ನಳಿಗೆ ಮೇಲಿನ 'ಟಿ'ಯಿಂದ ಎಷ್ಟು ಮೇಲಿವೆ ಅಂತ ಸ್ಕೇಲ್ ಇಟ್ಟು ಅಳೆಯಿರಿ, ಎರಡೂ ಕಡೆ ಒಂದೇ ಇರಬೇಕು. ಇದ್ದರೆ, ಆಕ್ಸಲ್ ಬದಿಯ ಬೋಲ್ಟ್ ಮತ್ತು ಕೆಳಗಿನ 'ಟಿ' ಬೋಲ್ಟ್ ಚೂರು ಸಡಿಲಿಸಿ. ಗಾಡಿ ನೆಲದ ಮೇಲಿರಲಿ. ಬ್ರೇಕ್ ಹಿಡಿದು ಶಾಕ್ ಐದಾರು ಸಲ ಜೋರಾಗಿ ಒತ್ತಿ. ಎರಡೂ ಕಾಲು ತಮ್ಮ ಜಾಗಕ್ಕೆ ತಾವೇ ಕೂರುತ್ತವೆ. ಈಗ 'ಟಿ' ಬಿಗಿಯಿರಿ, ಕೊನೆಗೆ ಆಕ್ಸಲ್ ಬದಿಯದ್ದು. ಇಷ್ಟಾದರೂ ಸೊಟ್ಟ ಇದ್ದರೆ ನಳಿಗೆಯೇ ಬಾಗಿರಬಹುದು. ಹಿಂದೆ ಎಲ್ಲಾದರೂ ಬಿದ್ದಿದ್ದಿರಾ?

ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಏರುತ್ತದೆ

ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಎಡ ತುದಿಗೆ, ಬಲ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಒಂದು ಚೂರೂ ಬದಲಾಗಬಾರದು. ಬದಲಾದರೆ ಆಕ್ಸಿಲೇಟರ್ ಕೇಬಲ್ ಕವರಿನ ಹಿಂದೆ ಸಿಕ್ಕಿ ಎಳೆಯುತ್ತಿದೆ. ಯೂ ಟರ್ನ್ ಹೊಡೆಯುವಾಗ ಗಾಡಿ ತಾನೇ ನುಗ್ಗುತ್ತದೆ. ಕೇಬಲ್ ದಾರಿ ಸರಿ ಮಾಡುವವರೆಗೆ ಹೊರಡಬೇಡಿ. ಹಾಗೇ ತಿರುಗಿಸುವಾಗ ಹಾರ್ನ್, ಹೆಡ್‌ಲೈಟ್, ಇಂಡಿಕೇಟರ್ ಕೂಡ ನೋಡಿ. ಒಂದು ಬದಿಗೆ ಮಾತ್ರ ಕೆಟ್ಟರೆ ವೈರ್ ಕವರ್ ಅಂಚಿಗೆ ಸಿಕ್ಕಿದೆ. ತಗಡಿನ ಅಂಚು ಚೂಪಾಗಿದ್ದರೆ ಹಳೇ ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಸಿಕ್ಕಿಸಿ.

ಎಬಿಎಸ್ ದೀಪ ಆರುತ್ತಿಲ್ಲ

ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕ್‌ಗಳಿಗೂ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಹಾಗಾಗಿ ಈಚಿನ ಗಾಡಿಗಳಲ್ಲಿ ಚಕ್ರದ ಬಳಿ ಒಂದು ಸೆನ್ಸರ್ ಇದ್ದೇ ಇರುತ್ತದೆ. ಕೀ ಹಾಕಿದಾಗ ದೀಪ ಹತ್ತಿ, ಗಾಡಿ ಸ್ವಲ್ಪ ಚಲಿಸಿದ ಮೇಲೆ ಆರಬೇಕು. ನಿಂತಲ್ಲಿ ಆರಲಿಲ್ಲ ಅಂತ ಗಾಬರಿ ಬೇಡ. ಚಲಿಸಿದರೂ ಉರಿಯುತ್ತಿದ್ದರೆ ಸೆನ್ಸರ್ ವೈರ್ ಕ್ಲಿಪ್‌ನಲ್ಲಿ ಕೂತಿದೆಯಾ, ಸೆನ್ಸರ್ ತುದಿಗೆ ಮಣ್ಣು ಮೆತ್ತಿದೆಯಾ, ಚಕ್ರದ ಜೊತೆ ತಿರುಗುವ ತೂತಿನ ಉಂಗುರ ಬಾಗಿದೆಯಾ ನೋಡಿ. ಒರೆಸಿ ಕೂರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ದೀಪ ಉರಿಯುತ್ತಿದ್ದರೂ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಚಕ್ರ ಲಾಕ್ ಆಗುವುದನ್ನು ತಡೆಯುವವರು ಯಾರೂ ಇಲ್ಲ.

ನಳಿಗೆ ಮೇಲೆ ಎಣ್ಣೆ ಗೆರೆ

ಗೇಟರ್ ಹಾಕಿದ ಮೇಲೆ ಇದು ಕಾಣೋದೇ ಇಲ್ಲ, ಅದೇ ಕಷ್ಟ. ಹಾಕುವ ಮೊದಲೇ ನಳಿಗೆ ಒರೆಸಿ, ಶಾಕ್ ಹತ್ತು ಸಲ ಒತ್ತಿ ನೋಡಿ. ಒಂದು ತೆಳು ಮಿರುಗು ಪರವಾಗಿಲ್ಲ. ಬೆರಳಿಗೆ ಅಂಟುವಷ್ಟು ಎಣ್ಣೆಯ ಉಂಗುರ ಮೂಡಿದರೆ ಆಯಿಲ್ ಸೀಲ್ ಹೋಗಿದೆ. ಉಗುರು ಎಳೆದಾಗ ತುಕ್ಕು ಚುಕ್ಕೆ ತಡೆಯುತ್ತಾ? ಆ ಚುಕ್ಕೆಯೇ ಸೀಲ್ ತುಟಿಯನ್ನು ಹರಿಯುತ್ತಿದೆ. ಹೊಸ ಸೀಲ್ ಹಾಕಿದರೂ ಆರು ತಿಂಗಳು ಬಾಳೋದಿಲ್ಲ. ಇದರ ಮೇಲೆ ಗೇಟರ್ ಹಾಕುವುದು ಗಾಯದ ಮೇಲೆ ಪೌಡರ್ ಹಚ್ಚಿದ ಹಾಗೆ. ಮೊದಲು ಸೀಲ್, ಬೇಕಾದರೆ ನಳಿಗೆ, ಆಮೇಲೆ ಅಲಂಕಾರ.

ಎಣ್ಣೆ ಇಳಿದು ಡಿಸ್ಕ್‌ಗೆ ತಾಗಿದ್ದರೆ ಗಾಡಿ ಓಡಿಸಬೇಡಿ. ಡಿಸ್ಕ್ ತೊಳೆಯಬಹುದು, ಎಣ್ಣೆ ಕುಡಿದ ಪ್ಯಾಡ್ ಬದಲಿಸಲೇಬೇಕು.

ಗೇಟರ್ ಪೂರಿಯಂತೆ ಉಬ್ಬುತ್ತದೆ

ಎರಡೂ ತುದಿ ಬಿಗಿದು, ಗಾಳಿ ಹೋಗಲು ತೂತು ಇಲ್ಲದಿದ್ದರೆ ಶಾಕ್ ಇಳಿದಾಗೆಲ್ಲ ಗೇಟರ್ ಉಬ್ಬುತ್ತದೆ. ಹೆಚ್ಚಿನವಕ್ಕೆ ಒಂದು ಸಣ್ಣ ತೂತು ಇರುತ್ತದೆ. ಅದು ಹಿಂದಕ್ಕೆ, ಕೆಳಗೆ ಬರುವ ಹಾಗೆ ತಿರುಗಿಸಿ. ಮುಂದಕ್ಕೆ ಬಂದರೆ ಮಳೆಯಲ್ಲಿ ಹೆದ್ದಾರಿಯ ಕೆಸರು ನೀರೆಲ್ಲ ಒಳಗೇ. ಏರಿಸುವಾಗ ಜಾರದಿದ್ದರೆ ಸೋಪು ನೀರು ಹಚ್ಚಿ. ಮನೆಯಲ್ಲಿದೆ ಅಂತ ತೆಂಗಿನೆಣ್ಣೆ, ಸೀಮೆಎಣ್ಣೆ ಹಚ್ಚಬೇಡಿ, ರಬ್ಬರ್ ಉಬ್ಬಿ ಸಡಿಲ ಆಗುತ್ತದೆ.

ಎಲ್ಲ ಸರಿ ಅನಿಸಿದ ಮೇಲೆ ಮೊದಲ ಓಟ ಮನೆ ಮುಂದಿನ ರಸ್ತೆಯಲ್ಲಿ, 20 ಕಿಲೋಮೀಟರ್ ವೇಗದಲ್ಲಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಬಿಚ್ಚಿದ್ದ ಪ್ರತಿ ಬೋಲ್ಟಿಗೂ ಮತ್ತೆ ಟಾರ್ಕ್ ಸ್ಪ್ಯಾನರ್ ಹಾಕಿ. ಇನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗೇಟರ್‌ನ ಕೆಳಗಿನ ಕ್ಲಿಪ್ ಬಿಚ್ಚಿ ಮೇಲಕ್ಕೆ ಮಡಚಿ. ನನ್ನದರಿಂದ ಹೋದ ಆಗಸ್ಟ್‌ನಲ್ಲಿ ಒಂದು ಚಮಚದಷ್ಟು ಕಂದು ನೀರು, ಜೊತೆಗೆ ಒಂದು ಜೀವಂತ ಇರುವೆ ಹೊರಬಿತ್ತು. ಸಿಹಿ ನೀರಿನಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಕ್ಲಿಪ್ ಹಾಕಿದೆ.